ನೀರು ಹಾಕದ ಮೂರು ತಿಂಗಳು

ಅಳತೆ ಟೇಪನ್ನು ಕಳ್ಳಿಯ ಸೊಂಟಕ್ಕೆ ಸುತ್ತಿ, ಮುಳ್ಳು ಚುಚ್ಚಿದ ಬೆರಳನ್ನು ಬಾಯಿಗಿಟ್ಟುಕೊಂಡೇ ಟೈಲರ್ ಅಕ್ಕ ಓದಿದಳು. "ಹತ್ತೊಂಬತ್ತು ಇಂಚು."

"ಮೊದಲು ಎಷ್ಟಿತ್ತು?" ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ ಪ್ಲಂಬರ್ ಕೇಳಿದ. ಕೆಳಗಿನ ಮನೆಯವನು. ಅವಳ ಮನೆಯ ಕೀ ಇನ್ನೂ ಅವನ ಕೈಯಲ್ಲೇ ಇತ್ತು.

"ಇಪ್ಪತ್ತೆರಡು."

ಅವನ ಮುಖ ಇಳಿದುಹೋಯಿತು. "ಹಾಗಾದ್ರೆ ಸತ್ತೇಹೋಯ್ತಾ?"

ಅವಳು ಟೇಪನ್ನು ಬಿಚ್ಚಿ ಬೆರಳಿಗೆ ಸುತ್ತತೊಡಗಿದಳು. ಆ ದುಂಡು ಕಳ್ಳಿ ಅವಳ ಅಮ್ಮ ಬೀಜದಿಂದ ಬೆಳೆಸಿದ್ದು. ಅಮ್ಮನ ಕೈಯದ್ದು ಅಂತ ಉಳಿದಿದ್ದು ಅದೊಂದೇ. ಮೂರು ತಿಂಗಳ ಹಿಂದೆ ಕಾಲು ಮುರಿದು ಆಸ್ಪತ್ರೆಗೆ ಹೊರಟಾಗ ಸ್ಟ್ರೆಚರ್ ಮೇಲಿಂದಲೇ ಅವನಿಗೆ ಕೀ ಕೊಟ್ಟು ಹೇಳಿದ್ದಳು: ಚಳಿ ಮುಗಿಯುವವರೆಗೆ ಒಂದು ತೊಟ್ಟೂ ನೀರು ಬೇಡ, ಬುಡ ಕೊಳೆಯುತ್ತೆ.

"ನನ್ನ ಹೆಂಡತಿ ದಿನಾ ಬಯ್ಯೋಳು ಅಕ್ಕ. ಊರಿಗೆಲ್ಲ ನೀರು ಬಿಡೋ ಗಂಡಸಿಗೆ ಈ ಗಿಡಕ್ಕೆ ಒಂದು ಲೋಟ ನೀರು ಕೊಡೋಕೆ ಮನಸ್ಸಿಲ್ಲವಲ್ಲ ಅಂತ. ಇದೋ, ಸುಕ್ಕುಗಟ್ತಾನೇ ಹೋಯ್ತು. ಕೊನೆಗೆ ನಾನೂ ಸೋತೆ. ಒಂದು ಬೆಳಿಗ್ಗೆ ಮಗ್ ತುಂಬಿಸ್ಕೊಂಡೇ ಬಂದೆ."

ಅವಳ ಕೈ ನಿಂತಿತು. "ಹಾಕಿದೆಯಾ?"

"ಬಗ್ಗಿ ನೋಡ್ತೀನಿ, ಬುಡದಲ್ಲಿ ಹುಳ. ಕೆಂಪು ಮೈ, ಕಪ್ಪು ಚುಕ್ಕಿ. ಹತ್ತಿಪ್ಪತ್ತು ಇದ್ವು, ಒಂದಕ್ಕೊಂದು ಅಂಟಿಕೊಂಡು ಮಲಗಿದ್ವು. ಮಲಗಿರೋರ ತಲೆ ಮೇಲೆ ತಣ್ಣೀರು ಹೇಗೆ ಸುರಿಯೋದು? ನಾನೇ ಕುಡಿದುಬಿಟ್ಟೆ."

ಅವಳು ಊರುಗೋಲನ್ನು ಗೋಡೆಗೆ ಒರಗಿಸಿ ಬಗ್ಗಿದಳು. ಹುಳಗಳು ಅಲ್ಲೇ ಇದ್ದವು. ಬಾಲ್ಕನಿಯ ಗಾಜಿನ ಮೂಲಕ ಬಿದ್ದ ಎಳೆಬಿಸಿಲಿಗೆ ಒಂದು ಮಾತ್ರ ಕಾಲು ಚಾಚಿ ಮತ್ತೆ ಮಡಚಿಕೊಂಡಿತು. ಅವುಗಳನ್ನು ಮುಟ್ಟದಂತೆ ಬೆರಳು ತೂರಿಸಿ ಬುಡ ಒತ್ತಿದಳು. ಗಟ್ಟಿ. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಗಟ್ಟಿ.

"ಸತ್ತಿಲ್ಲ ಕಣೋ. ಚಳಿಗೆ ಕುಗ್ಗಿ ಕೂತಿದೆ ಅಷ್ಟೇ. ಬೇಸಿಗೆಗೆ ಊದಿಕೊಳ್ಳುತ್ತೆ ನೋಡು, ರವಿಕೆ ಥರ ಹೊಲಿಗೆ ಬಿಚ್ಚಿ ಅಗಲ ಮಾಡಬೇಕು." ಅವಳು ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಆ ಮಗ್ ಸುರಿದಿದ್ರೆ ಇಷ್ಟೊತ್ತಿಗೆ ಕೊಳೆತ ಟೊಮೇಟೊ ಆಗಿರೋದು. ದೊಡ್ಡ ಉಪಕಾರ ಮಾಡಿದೆ ಮಾರಾಯ."

"ನಾನೇನೂ ಮಾಡ್ಲೇ ಇಲ್ವಲ್ಲ."

"ಅದನ್ನೇ ಹೇಳ್ತಿರೋದು."

ಅಷ್ಟು ಹೊತ್ತು ನಿಂತೇ ಇದ್ದವನು ಹೊಲಿಗೆ ಮೆಷಿನ್‌ನ ಸ್ಟೂಲ್ ಮೇಲೆ ಕುಸಿದು ಕೂತ. ಅವಳು ಕಿಟಕಿಯಿಂದ ಹಿಡಿ ಮುರಿದ ಕಪ್ಪೊಂದನ್ನು ತಂದಳು. ಅದರಲ್ಲಿ ನಿಂಬೆಗಾತ್ರದ ಕಳ್ಳಿ.

"ಇದರದೇ ಮರಿ. ಇಷ್ಟು ವರ್ಷ ಯಾರಿಗೂ ಕೊಟ್ಟಿಲ್ಲ. ತಗೊಂಡು ಹೋಗು, ನಿಂಗೆ."

ಅವನು ಎದ್ದು ಕೀ ಗೊಂಚಲನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ ಅಕ್ಕ. ಬಾಯಾರಿದ್ದನ್ನ ನೋಡ್ಕೊಂಡು ಸುಮ್ಮನೆ ಕೂರೋದು ಇನ್ನೊಂದು ಚಳಿಗಾಲ ನನ್ನಿಂದ ಆಗಲ್ಲ. ನಾನು ತಗೊಳ್ಳಲ್ಲ."