ಹೊಂದದ ಕಿವಿಗಲ್ಲು

ಬಾಡ ಎಂಬ ಊರಿನಲ್ಲಿ ಬಾವಿ ತೋಡಿದಾಗ ಜೇಡಿಮಣ್ಣಿನಲ್ಲಿ ಸಿಕ್ಕ ಪುರಾತನ ಮೀನುಗಳ ಕಿವಿಗಲ್ಲುಗಳನ್ನು, ಅಂದರೆ ಕಿವಿಯೊಳಗೆ ಬೆಳೆಯುವ ಪುಟ್ಟ ಕಲ್ಲುಗಳನ್ನು, ವತ್ಸಲೆ ಯಾವ ಜಾತಿಯವೆಂದು ಗುರುತಿಸುತ್ತಿದ್ದಳು. ಹೋಲಿಸಿ ನೋಡಲು, ಮೀನು ಮಾರುವ ಬೆಳ್ಳಿ ಹಸಿ ಮೀನಿನ ತಲೆ ಒಡೆದು ಕಲ್ಲು ತೆಗೆದುಕೊಡುತ್ತಿದ್ದಳು. ಎರಡನೇ ಮಹಾಯುದ್ಧ ಶುರುವಾದ ವರ್ಷ ಕಡಲಿಗೆ ಹೋದ ಬೆಳ್ಳಿಯ ಗಂಡ ಮರಳಿರಲಿಲ್ಲ. ನಾಲ್ಕು ವರ್ಷವಾದರೂ ಅವಳು ಕಾಯುತ್ತಲೇ ಇದ್ದಳು.

ಒಂದು ಕಲ್ಲು ಮಾತ್ರ ಯಾವ ಮೀನಿಗೂ ಹೊಂದಲಿಲ್ಲ.

“ಈ ಜಾತಿ ಅಳಿದುಹೋಗಿದೆ, ಬೆಳ್ಳಿ.”

“ಇಡೀ ಸಮುದ್ರ ಹುಡ್ಕಿ ಬಂದ್ರಾ ಅಮ್ಮಾ?” ಬೆಳ್ಳಿ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, “ಎಷ್ಟು ವರ್ಷ ಕಾಣದಿದ್ರೆ ಹೋತು ಅಂತ ಬರೀತ್ರಿ?”

ವತ್ಸಲೆ ಲೇಖನಿ ಎತ್ತಿಕೊಂಡಳು. ಆ ಕಲ್ಲಿನ ಚೀಟಿಯಲ್ಲಿ ‘ಅಳಿದದ್ದು’ ಎಂದು ಬರೆಯದೆ, ಅದು ಸಿಕ್ಕ ಊರಿನ ಹೆಸರನ್ನಷ್ಟೇ ಬರೆದಳು.

ಓದಲು ಬಾರದ ಬೆಳ್ಳಿ ಶಾಯಿ ಆರುವವರೆಗೂ ಅದನ್ನೇ ನೋಡಿದಳು.

“ಆತು, ಹೋತು ಅಂತ ಬರ್ದಾತು,” ಎಂದು ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡಳು.