ಕರುಳು ತೊಳೆಯುವವಳು

ನನಗೆ ಕರುಳೆಂದರೆ ಹೇಸಿಗೆ. ಬಕೆಟ್ಟಿನಲ್ಲಿ ಹಬೆಯಾಡುತ್ತ ಬಿದ್ದಿರುವ ಆ ಬೂದು ಬಣ್ಣದ ಗೋಜಲನ್ನು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ನಾನು ಮಿಶ್ಕೋಲ್ಟ್ಸ್ ಪಟ್ಟಣದ ಕಟ್ಟಡವೊಂದರ ಏಳನೇ ಮಹಡಿಯಲ್ಲಿ ಬೆಳೆದವಳು, ನಮ್ಮ ಮನೆಗೆ ಹಂದಿ ಬರುತ್ತಿದ್ದದ್ದು ಕಾಗದದಲ್ಲಿ ಸುತ್ತಿಕೊಂಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರ ಹೇಸಿಗೆಯನ್ನು ಬಾಯಿಗೆ ಬಂದಂತೆ ಬಯ್ಯುವವಳಿದ್ದೇನೆ.

ಲಕ್ವ ಹೊಡೆದವರಿಗೆ, ಕೈಕಾಲು ಊನವಾದವರಿಗೆ ಅವರವರ ದಿನದ ಕೆಲಸವನ್ನು ಮತ್ತೆ ಕಲಿಸುವುದು ಆಸ್ಪತ್ರೆಯಲ್ಲಿ ನನ್ನ ಉದ್ಯೋಗ. ಅಂಗಿಗೆ ಗುಂಡಿ ಹಾಕುವುದು, ಬ್ರೆಡ್ಡಿಗೆ ಬೆಣ್ಣೆ ಸವರುವುದು, ಬಚ್ಚಲಿನಲ್ಲಿ ಬೀಳದೆ ನಿಲ್ಲುವುದು. ಯಾರೇ ಬರಲಿ, ಮೊದಲು ಎದುರು ಕೂರಿಸಿಕೊಂಡು ಪರೀಕ್ಷೆ ಮಾಡುತ್ತೇನೆ. ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನೋಡಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ: ಮತ್ತೆ ಯಾವ ಕೆಲಸ ಮಾಡಲು ನಿಮಗೆ ಆಸೆ? ಮುಕ್ಕಾಲು ಪಾಲು ಜನ ಕಕ್ಕಸಿಗೆ ಒಬ್ಬರೇ ಹೋಗಬೇಕು ಎನ್ನುತ್ತಾರೆ.

ಸೆಪ್ಟೆಂಬರಿನಲ್ಲಿ ಬಂದ ಎತೆಲ್ಕಾ ಅಜ್ಜಿ ಹಾಗೆನ್ನಲಿಲ್ಲ. ಎಪ್ಪತ್ತೊಂದು ವರ್ಷ, ಎಡಗೈ ಸೋತಿತ್ತು, ಬಾಯಿಯ ಎಡತುದಿ ಕೆಳಗೆ ಜಾರಿ ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು. ಅದನ್ನು ಬಲಗೈಯ ಕರವಸ್ತ್ರದಿಂದ ಒರೆಸಿಕೊಂಡು, "ಕರುಳು ತೊಳೀಬೇಕು" ಎಂದಳು.

"ಏನು ತೊಳೀಬೇಕು?"

"ಕರುಳು. ಹಂದೀದು. ಯಾಕೆ, ನಿನ್ ಕಿವಿಗೂ ಲಕ್ವ ಹೊಡೆದಿದ್ಯಾ?"

ಅವಳ ಬೀದಿಯಲ್ಲಿ ಹನ್ನೊಂದು ಮನೆ. ಚಳಿ ಕಚ್ಚಿದ ಮೇಲೆ ಒಂದೊಂದು ಶನಿವಾರ ಒಂದೊಂದು ಮನೆಯಲ್ಲಿ ಹಂದಿ ಕಡಿಯುತ್ತಾರೆ. ಕಡಿಯುವವನು ಗಾಸ್ಪಾರ್. ಕರುಳು ತೊಳೆಯುವುದು ಹೆಂಗಸರ ಕೆಲಸ, ಮತ್ತು ಆ ಬೀದಿಯಲ್ಲಿ ನಲವತ್ತು ವರ್ಷದಿಂದ ಅದು ಇವಳೊಬ್ಬಳ ಕೆಲಸ. ಇವಳು ತೊಳೆದ ಕರುಳಿನಲ್ಲಿ ಪಿತ್ತಜನಕಾಂಗ, ಅನ್ನ, ಮಸಾಲೆ ತುಂಬಿಸಿ ಬೇಯಿಸಿದ ಹುರ್ಕಾದಲ್ಲಿ ಎಳ್ಳಷ್ಟೂ ನಾತ ಇರುವುದಿಲ್ಲವಂತೆ. ಆ ಸಂಜೆಯ ಊಟ ಮುಗಿದು ಏಳುವಾಗ ಮುಂದಿನ ಮನೆಯ ಯಜಮಾನಿ ಇವಳ ಹತ್ತಿರ ಬಂದು ದಿನ ಹೇಳಿ ಹೋಗಬೇಕು. ಅದೇ ಕರೆಯುವ ರೀತಿ.

ಭೇಟಿಯ ದಿನ ಬಂದ ಸೊಸೆ ಇಲ್ದಿಕೋ ಇದನ್ನು ಕೇಳಿ ಮೂಗು ಮುರಿದಳು. "ಅಂಗಡೀಲಿ ಉಪ್ಪು ಹಾಕಿರೋ ಕರುಳು ಡಬ್ಬೀಲೇ ಸಿಗತ್ತಲ್ಲ ಅತ್ತೆ. ಇನ್ನು ನೀವು ಒಲೆ ಪಕ್ಕ ಆರಾಮಾಗಿ ಕೂತ್ಕೊಳಿ."

ಅವಳು ಹೋದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಒಂದು ಚಳಿಗಾಲ ಕೂತೆ ಅಂದ್ರೆ ಮುಗೀತು, ಆಮೇಲೆ ಯಾರೂ ನನ್ ಬಾಗ್ಲು ತಟ್ಟಲ್ಲ. ಡಿಸೆಂಬರ್‌ಗೆ ಈ ಕೈ ಬೇಕು ಕಣೇ ನಂಗೆ."

ನಮ್ಮ ವಿಭಾಗದ ಮುಖ್ಯಸ್ಥ ಡಾಕ್ಟರ್ ಬೆನೆಡೆಕ್ ನನ್ನ ವರದಿ ಓದಿ ಮುಖ ಸಿಂಡರಿಸಿದರು. "ಕರುಳು ಅಂತೆಲ್ಲ ಬರೀಬೇಡ ನೊಯೆಮಿ. ಅಡುಗೆ ಕೆಲಸ ಅಂತ ಬರಿ. ಪ್ಲಾಸ್ಟಿಕ್ ಲೋಟ ಒಂದರ ಮೇಲೊಂದು ಜೋಡಿಸ್ಲಿ, ಸಾಕು." ಮನಸ್ಸಿನಲ್ಲೇ ಸಮಾಧಾನಪಟ್ಟವಳು ನಾನು. ಲೋಟಗಳನ್ನು ಕೊಟ್ಟೆ. ಅಜ್ಜಿ ಎರಡನ್ನು ಜೋಡಿಸಿ, ಮೂರನೆಯದನ್ನು ಕಿಟಕಿಯಿಂದ ಹೊರಗೆ ಎಸೆದಳು.

ಆಮೇಲೆ ಅವಳ ಕಣ್ಣು ಮುಚ್ಚಿಸಿ ಎಡಗೈಯ ಬೆರಳುಗಳನ್ನು ಪರೀಕ್ಷಿಸಿದೆ. ಹತ್ತಿ ಸವರಿದೆ, ಗೊತ್ತಾಗಲಿಲ್ಲ. ಬೀಗದ ಕೈ ಇಟ್ಟೆ, ಅದು ಚಮಚ ಎಂದಳು. ಕೈ ಹಿಡಿಯಬಲ್ಲದು, ಬಿಡಬಲ್ಲದು, ಆದರೆ ಹಿಡಿದದ್ದು ಏನೆಂದು ಅದಕ್ಕೆ ತಿಳಿಯದು. ಕಣ್ಣು ಬಿಟ್ಟು ನೋಡಿದವಳು ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದಳು.

"ಕರುಳಲ್ಲಿರೋ ತೂತು ಕಣ್ಣಿಗೆ ಕಾಣಲ್ಲ ಮಗಳೇ. ಬೆರಳಿಗೆ ಕಾಣೋದು ಅದು" ಎಂದಳು.

ಆ ಮಾತು ನನ್ನನ್ನು ತಾಕಿತು. ಮರುದಿನವೇ ಕಸಾಯಿ ಅಂಗಡಿಯಿಂದ ಒಂದು ಬಕೆಟ್ ಹಂದಿ ಕರುಳು ತಂದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಿಂದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಮುಚ್ಚಳ ತೆಗೆದ ಕೂಡಲೇ ಎದ್ದ ಆ ನಾತ, ಸಗಣಿಯೂ ಅಲ್ಲದ ಮಾಂಸವೂ ಅಲ್ಲದ ಆ ಸಿಹಿ ನಾತ ಗಂಟಲಿಗೆ ಇಳಿದದ್ದೇ, ನಾನು ಗೋಡೆಯ ಮರೆಗೆ ಓಡಿ ಬೆಳಗಿನ ಕಾಫಿಯನ್ನೆಲ್ಲ ಕಕ್ಕಿದೆ. ಬಾಯಿ ಒರೆಸಿಕೊಂಡು ಬಂದರೆ ಅಜ್ಜಿ ನಗುತ್ತಿದ್ದಳು.

"ನಿಂಗೆ ಯಾರು ಪರೀಕ್ಷೆ ಮಾಡಿ ಈ ಕೆಲಸ ಕೊಟ್ರು?"

ಆರು ವಾರ ಹೀಗೇ ನಡೆಯಿತು. ಮೇಜಿನ ಅಂಚಿಗೆ ಇಕ್ಕಳದಂಥ ಒಂದು ಹಿಡಿಕೆ ಬಿಗಿದು, ಕರುಳಿನ ತುದಿಯನ್ನು ಅದಕ್ಕೆ ಸಿಕ್ಕಿಸಿದೆ. ಎಡಗೈ ಒತ್ತಿ ಹಿಡಿದರೆ ಸಾಕು, ಬಲಗೈ ಚಾಕುವಿನ ಬೆನ್ನಿನಿಂದ ಕೆರೆಯುತ್ತಿತ್ತು. ಕಡ್ಡಿಯೊಂದಕ್ಕೆ ಏರಿಸಿ ಒಳಮೈಯನ್ನು ಹೊರಗೆ ಮಾಡುವುದನ್ನು ಅವಳೇ ಒಂದೂವರೆ ಕೈಯಲ್ಲಿ ಕಂಡುಹಿಡಿದಳು. ನೀರಿನ ಬಿಸಿಯನ್ನು ಬಲಗೈಯಲ್ಲಿ ನೋಡಿದ ಮೇಲೆಯೇ ಎಡಗೈ ಅದ್ದಬೇಕೆಂದು ನೂರು ಸಲ ಹೇಳಿಸಿದೆ. ಉಪ್ಪು, ವಿನಿಗರ್, ಹೆಚ್ಚಿದ ಈರುಳ್ಳಿ ಹಾಕಿ ಏಳು ನೀರು. ಉಳಿದದ್ದು ತೂತಿನ ಸಮಸ್ಯೆ ಒಂದೇ.

"ಊದಿ ನೋಡಿದ್ರೆ ಗೊತ್ತಾಗಲ್ವಾ?" ಎಂದು ಕೇಳಿದೆ.

"ಮಕ್ಳು ಊದ್ತಾರೆ ಆಟಕ್ಕೆ. ನಾನು ಯಾವತ್ತೂ ಊದಿಲ್ಲ. ಬೆರಳಿದ್ವಲ್ಲ."

"ಈಗ ಊದಿ."

ಬಾಯಿಯ ಎಡತುದಿಯನ್ನು ಬಲ ಹೆಬ್ಬೆರಳಿನಿಂದ ಮುಚ್ಚಿ ಊದುವುದನ್ನು ನಾನೇ ಕಲಿಸಿದೆ. ಕರುಳು ಉಬ್ಬಿ ನಿಂತಿತು. ಒಂದು ಕಡೆ ಪುಸ್ಸೆಂದಿತು, ಅವಳು ಕೂಡಲೇ ಅಲ್ಲಿಗೆ ದಾರ ಕಟ್ಟಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಸೋತ ಬೆರಳಿನ ಕೆಲಸವನ್ನು ಬಾಯಿಗೆ ವಹಿಸಿದ್ದೆ, ಬಾಯಿಗೂ ಒಳ್ಳೆಯ ವ್ಯಾಯಾಮ ಎಂದು ವರದಿಯಲ್ಲಿ ಬರೆದುಕೊಂಡೆ. ನೀರು ತುಂಬಿಸಿ ಎತ್ತಿ ಹಿಡಿದರೂ ತೂತು ಗೊತ್ತಾಗುತ್ತದೆ. ಅದು ಆ ದಿನ ನನ್ನ ತಲೆಗೆ ಹೊಳೆಯಲೇ ಇಲ್ಲ.

ಡಿಸೆಂಬರಿನ ಎರಡನೇ ಶನಿವಾರ ಅವಳ ಮನೆಯ ಹಂದಿ. ಮನೆಯಲ್ಲಿ ಹೇಗೆ ಮಾಡುತ್ತಾಳೆಂದು ನೋಡುವುದೂ ನನ್ನ ಕೆಲಸವೇ ಆದ್ದರಿಂದ ಬೆಳಗ್ಗೆಯೇ ಹೋದೆ. ಅಂಗಳದಲ್ಲಿ ಗಾಸ್ಪಾರ್ ಪಾಲಿಂಕಾ ಸಾರಾಯಿಯ ಪುಟ್ಟ ಗ್ಲಾಸನ್ನು ನನ್ನ ಕೈಗೆ ತುರುಕಿದ. "ಕುಡಿ ಡಾಕ್ಟ್ರಮ್ಮ, ಕುಡಿದ್ರೆ ವಾಸನೆ ಗೊತ್ತಾಗಲ್ಲ." ಗಂಟಲು ಸುಟ್ಟಿತು, ವಾಸನೆ ಮಾತ್ರ ಹಾಗೇ ಇತ್ತು.

ಅಜ್ಜಿ ಹೊಸ ಏಪ್ರನ್ ಕಟ್ಟಿಕೊಂಡು ತನ್ನ ಮೇಜಿನ ಮುಂದೆ ನಿಂತಿದ್ದಳು. ಕೆರೆದಳು, ಮಗುಚಿದಳು, ತೊಳೆದಳು. ಏಳನೇ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಪಕ್ಕದ ಮನೆಯ ವಿಲ್ಮಾ ಬಗ್ಗಿ ನೋಡಿ, "ಅಬ್ಬಾ, ಮುಂಚಿನ ಹಾಗೇ ಮಾಡ್ತಿದ್ಯಲ್ಲೇ ಎತೆಲ್ಕಾ!" ಎಂದಳು. ಅಜ್ಜಿ ಕರುಳಿನ ತುದಿಯನ್ನು ಬಾಯಿಗಿಟ್ಟು, ಹೆಬ್ಬೆರಳು ಒತ್ತಿ ಊದಿದಳು.

ಹೆಬ್ಬೆರಳಿನ ಸಂದಿಯಿಂದ ಜೊಲ್ಲಿನ ಒಂದು ಎಳೆ ಇಳಿದು ಕರುಳಿನ ಮೇಲೆ ಹರಿಯಿತು.

ಇಲ್ದಿಕೋ ಕೈಯಿಂದ ಬಾಯಿ ಮುಚ್ಚಿಕೊಂಡಳು. ವಿಲ್ಮಾ ಒಂದು ಹೆಜ್ಜೆ ಹಿಂದೆ ಸರಿದಳು. ಅರ್ಧ ಗಂಟೆಯ ಹಿಂದೆ ಆ ಕರುಳಿನ ತುಂಬ ಇದ್ದದ್ದು ಹಂದಿಯ ಹೇಲು, ಅದಕ್ಕೆ ಯಾರಿಗೂ ಏನೂ ಅನಿಸಿರಲಿಲ್ಲ. ಮೊಣಕೈವರೆಗೆ ರಕ್ತ ಮೆತ್ತಿಕೊಂಡಿದ್ದ ಗಾಸ್ಪಾರ್ ಕೂಡ ಮುಖ ಆಚೆ ತಿರುಗಿಸಿದ. ಅಜ್ಜಿ ತಲೆ ಬಗ್ಗಿಸಿ ಕೆಲಸದಲ್ಲಿದ್ದಳು, ಎರಡು ತೂತು ಹುಡುಕಿ ಕಟ್ಟಿ, ಅದನ್ನೆಲ್ಲ ಎಂಟನೇ ನೀರಿಗೆ ಹಾಕಿದಳು. ನನ್ನ ಮೈ ಉರಿಯಿತು. ಆದರೂ ಫೈಲು ತೆಗೆದು, ಯಾರ ಸಹಾಯವೂ ಇಲ್ಲದೆ ಕೆಲಸ ಪೂರ್ತಿ ಮಾಡಿದ್ದಾಳೆ ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಇಲ್ದಿಕೋ ಸದ್ದಿಲ್ಲದೆ ಫ್ರಿಜ್ಜಿನಿಂದ ಅಂಗಡಿಯ ಡಬ್ಬಿ ತೆಗೆದಳು. ಮೊದಲೇ ತಂದಿಟ್ಟಿದ್ದಳು! ಸಂಜೆ ಊಟದ ಮೇಜಿಗೆ ಹುರ್ಕಾದ ಎರಡು ತಟ್ಟೆ ಬಂದವು. ಒಂದು ಅಂಗಡಿಯ ಕರುಳಿನದು, ಇನ್ನೊಂದು ಅಜ್ಜಿ ತೊಳೆದದ್ದು. ಯಾವುದು ಯಾವುದೆಂದು ಸೊಸೆ ಬಡಿಸುತ್ತ ಒಬ್ಬೊಬ್ಬರ ಕಿವಿಯಲ್ಲೂ ಉಸುರಿದಳು. ಹತ್ತು ಜನರ ಫೋರ್ಕುಗಳು ಹತ್ತಿರದಲ್ಲಿದ್ದ ಅಜ್ಜಿಯ ತಟ್ಟೆಯನ್ನು ದಾಟಿ ದೂರದ ಅಂಗಡಿಯ ತಟ್ಟೆಗೆ ಹೋದವು. ಒಬ್ಬ ಎಂಜಲು ಬೆರಳು ನೆಕ್ಕುತ್ತಿದ್ದ, ಇನ್ನೊಬ್ಬ ಕೆಮ್ಮಿದ ಕರವಸ್ತ್ರದಲ್ಲೇ ಮೀಸೆ ಒರೆಸುತ್ತಿದ್ದ, ವಿಲ್ಮಾ ಹಲ್ಲಿನ ಸಂದಿಗೆ ಉಗುರು ಹಾಕಿಕೊಂಡಿದ್ದಳು. ಥೂ, ಇಂಥವರಿಗೆ ಹೇಸಿಗೆ!

ನಾನು ಎಲ್ಲರಿಗೂ ಕಾಣುವಂತೆ ಅಜ್ಜಿಯ ತಟ್ಟೆಯಿಂದ ಒಂದನ್ನು ಎತ್ತಿ ಹಾಕಿಕೊಂಡೆ. ಕೊಯ್ದೆ, ಒಳಗಿಂದ ಹಬೆ ಬಂತು. ಫೋರ್ಕು ತುಟಿಯ ಹತ್ತಿರ ಬಂದಾಗ ಆ ಎಳೆ ಕಣ್ಣ ಮುಂದೆ ಬಂತು. ಜೊಲ್ಲಿನ ಆ ಒಂದೇ ಎಳೆ. ಎಂಟು ನೀರು ಕಂಡಿದ್ದೆ, ಕುದಿಯುವ ಹಂಡೆ ಕಂಡಿದ್ದೆ. ಆದರೂ ಬಾಯಿ ತೆರೆಯಲಿಲ್ಲ. ಎಲ್ಲರೂ ಗಾಸ್ಪಾರ್‌ನ ತಮಾಷೆಗೆ ನಗುವಾಗ ಅದನ್ನು ಪೂರ್ತಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ತೊಡೆಯ ಮೇಲೆ ಬೆಚ್ಚಗೆ ತಾಗುತ್ತಿತ್ತು, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಊಟ ಮುಗಿದು ಜನ ಎದ್ದರು. ವಿಲ್ಮಾ ಕೋಟು ಹಾಕಿಕೊಂಡಳು, ಅಜ್ಜಿಯ ಹತ್ತಿರ ಬರಲಿಲ್ಲ.

ಅಜ್ಜಿಯೇ ಕೇಳಿದಳು. "ನಿಮ್ಮನೇಲಿ ಯಾವತ್ತು ವಿಲ್ಮಾ?"

"ಇನ್ನೂ ಏನೂ ಗೊತ್ತಿಲ್ಲ ಎತೆಲ್ಕಾ. ಹೇಳಿ ಕಳಿಸ್ತೀನಿ" ಎಂದು ವಿಲ್ಮಾ ಬಾಗಿಲ ಕಡೆ ನೋಡುತ್ತ ಹೇಳಿದಳು. ಮುಂದಿನ ಶನಿವಾರ ವಿಲ್ಮಾಳ ಮನೆಗೆ ಹೋಗಬೇಕೆಂದು ಗಾಸ್ಪಾರ್ ಬೆಳಗ್ಗೆಯೇ ನನ್ನ ಮುಂದೆ ಹೇಳಿದ್ದ.

ಅಜ್ಜಿ ವಿಲ್ಮಾಳನ್ನು ಬಿಟ್ಟು ಮೇಜಿನ ಕಡೆ ತಿರುಗಿದಳು. ಆಮೇಲೆ ಬೇರೆ ಯಾರೂ ಮುಟ್ಟದೆ ಉಳಿದಿದ್ದ ತನ್ನ ಹುರ್ಕಾದ ತಟ್ಟೆಯನ್ನು ತಂದು ನನ್ನ ಮುಂದಿಟ್ಟಳು. ಕುರ್ಚಿ ಎಳೆದು ನನ್ನ ಎದುರಿಗೆ, ನಾನು ಪರೀಕ್ಷೆ ಮಾಡುವಾಗ ಕೂರುತ್ತಿದ್ದಷ್ಟೇ ಹತ್ತಿರ ಕುಳಿತಳು.

"ಜೇಬಲ್ಲಿರೋದನ್ನ ನಾಯಿಗೆ ಹಾಕು. ಇದನ್ನ ತಿನ್ನು" ಎಂದಳು.

ನನ್ನ ಮುಖ ಕೆಂಪಾಯಿತು. ಬಾಗಿಲಲ್ಲಿದ್ದವರೆಲ್ಲ ನಿಂತು ನೋಡಿದರು. ಒಂದು ತುಂಡು ಕೊಯ್ದೆ. ಅವಳ ಕಣ್ಣು ನನ್ನ ಕೈ ಮೇಲಿತ್ತು, ಆಮೇಲೆ ಬಾಯಿಯ ಮೇಲೆ, ಆಮೇಲೆ ಗಂಟಲಿನ ಮೇಲೆ. ಅಗಿದೆ. ಮೆಣಸು, ಈರುಳ್ಳಿ, ಮರ್ಜೋರಂ ಸೊಪ್ಪು. ನಾತ ಎಳ್ಳಷ್ಟೂ ಇರಲಿಲ್ಲ.

"ನಾತ ಇದ್ಯಾ?"

"ಇಲ್ಲ ಅಜ್ಜಿ."

"ಗಟ್ಟಿಯಾಗಿ ಹೇಳು."

"ಇಲ್ಲ!"

ವಿಲ್ಮಾ ತಲೆ ತಗ್ಗಿಸಿ ಹೊರಗೆ ಹೋದಳು. ಅಜ್ಜಿ ಕರವಸ್ತ್ರದಿಂದ ಬಾಯಿಯ ತುದಿ ಒರೆಸಿಕೊಂಡಳು.

"ಹಾಗಾದ್ರೆ ನಿನ್ ಕಾಗದದಲ್ಲಿ ಬರ್ಕೋ, ಕೈ ಸರಿಹೋಯ್ತು ಅಂತ. ಮಿಕ್ಕಿದ್ದಕ್ಕೆ ನಿನ್ ಹತ್ರ ಔಷಧಿ ಇಲ್ಲ."

ಅವಳು ಎದ್ದು ಹೋಗಲಿಲ್ಲ. ನಾನು ಇನ್ನೊಂದು ತುಂಡು ಕೊಯ್ದು ಬಾಯಿಗಿಟ್ಟೆ.