ಹಳದಿ ಬಣ್ಣದ ತಾರೀಕು

ವ್ಯಾನಕ್ಕನಿಗೆ ಗಾಡಿ ಓಡಿಸಲು ಬರುತ್ತಿತ್ತು, ಚಕ್ರ ಬದಲಿಸಲು ಬರುತ್ತಿತ್ತು, ಎದುರಿಗೆ ಅಡ್ಡಾದಿಡ್ಡಿ ಬಂದವನ ಜನ್ಮ ಜಾಲಾಡಲಂತೂ ಚೆನ್ನಾಗಿಯೇ ಬರುತ್ತಿತ್ತು. ಆದರೆ ಇಂಜಿನ್ನಿನ ಮಾತು ಬಂತೋ, ಅವಳದು ಒಂದೇ ಉತ್ತರ: "ಅದಕ್ಕೆಲ್ಲ ನಮ್ಮಣ್ಣ ಇದಾನೆ."

ಹದಿನಾಲ್ಕು ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು ಸಂಜೆ ಅವರವರ ಮನೆ ಬಾಗಿಲಿಗೆ ಮುಟ್ಟಿಸುವುದು ಅವಳ ಕೆಲಸ. ವ್ಯಾನಕ್ಕ ಎಂದು ಹೆಸರಿಟ್ಟದ್ದೂ ಆ ಮಕ್ಕಳೇ. ಹೊಸ ಮಗು ಸೇರುವಾಗ ತಾಯಂದಿರು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಾಡಿ ಚೆನ್ನಾಗಿದೆಯಾ?" ಎಂದು ಕೇಳುತ್ತಿದ್ದರು. ನಮ್ಮಣ್ಣ ಇದಾನೆ ಎಂದು ಇವಳು ಹೇಳಿದ ಮೇಲೆ ಮುಂದೆ ಮಾತಿರುತ್ತಿರಲಿಲ್ಲ, ಏಕೆಂದರೆ ಅಣ್ಣನ ಗ್ಯಾರೇಜು ಆ ಕಡೆಯವರಿಗೆಲ್ಲ ಗೊತ್ತಿತ್ತು. ಮೇಸ್ತ್ರಿ ಎಂದರೆ ಅವನೇ.

ಮೇಸ್ತ್ರಿಯದು ಒಂದು ಪದ್ಧತಿ. ಯಾವ ಗಾಡಿಯ ಆಯಿಲ್ ಬದಲಿಸಿದರೂ ಹೊಸ ಫಿಲ್ಟರಿನ ಮೇಲೆ ಸಣ್ಣ ಕುಂಚದಿಂದ ಹಳದಿ ಬಣ್ಣದಲ್ಲಿ ತಾರೀಕು ಬರೆಯುತ್ತಿದ್ದ. ಬಣ್ಣ ಒಣಗುವ ತನಕ ಕಾದು, ಆಮೇಲೆಯೇ ಅದನ್ನು ಇಂಜಿನ್ನಿಗೆ ತಿರುಗಿಸುತ್ತಿದ್ದ. ಗಿರಾಕಿಗೆ ಗಡಿಬಿಡಿಯಿದ್ದರೂ ಸರಿ, ಕಾಯಬೇಕು. "ತಾರೀಕು ಬರೆಯದ ಕೆಲಸ, ಮಾಡದ ಕೆಲಸ" ಎನ್ನುವುದು ಅವನ ಮಾತು. ತಂಗಿ ವ್ಯಾನು ಕೊಂಡ ವಾರವೇ ಅದರ ಆಯಿಲ್ ಬದಲಿಸಿ, ನೆಲಕ್ಕೆ ಹಳೆಯ ಚೀಲ ಹಾಸಿ, ಅವಳನ್ನೂ ಪಕ್ಕದಲ್ಲಿ ಅಂಗಾತ ಮಲಗಿಸಿ, ಟಾರ್ಚು ಬಿಟ್ಟು ತಾರೀಕು ತೋರಿಸಿದ್ದ. ನಲವತ್ತು ದಾಟಿದ ಹೆಂಗಸು ಗಾಡಿಯಡಿ ಮಲಗಿ ಕಿಲಕಿಲ ನಕ್ಕಿದ್ದಳು. ಆಮೇಲೆ ಅವಳು ಕೆಳಗೆ ಬಗ್ಗಿ ನೋಡಿರಲಿಲ್ಲ. ಒಡಹುಟ್ಟಿದವನ ಕೆಲಸವನ್ನು ಬಗ್ಗಿ ನೋಡುವವರು ಯಾರಿದ್ದಾರೆ?

ಆರು ತಿಂಗಳಿಗೊಮ್ಮೆ ಅವಳು ಆಯಿಲ್ ಡಬ್ಬಿ, ಫಿಲ್ಟರು ಎರಡನ್ನೂ ತಾನೇ ಕೊಂಡು ತಂದು ಗಾಡಿಯ ಜೊತೆ ಗ್ಯಾರೇಜಿನಲ್ಲಿ ಬಿಡುತ್ತಿದ್ದಳು. ಗ್ಯಾರೇಜಿನ ಹಿಂದೆಯೇ ಇದ್ದ ಅಣ್ಣನ ಮನೆಯಲ್ಲಿ ಅತ್ತಿಗೆಯ ಜೊತೆ ಹರಟೆಗೆ ಕೂತರೆ ಎರಡು ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ. ಹೊರಗೆ ಬಂದಾಗ ವ್ಯಾನು ತೊಳೆದು ಫಳಫಳ ಎನ್ನುತ್ತಿತ್ತು. ಬಾಗಿಲಿನ ಒಳಮಗ್ಗುಲಲ್ಲಿ ಮುಂದಿನ ಸರ್ವಿಸಿನ ಚೀಟಿ ಅಂಟಿರುತ್ತಿತ್ತು. ಮರುದಿನ ಫೋನ್ ಮಾಡಿ, "ಅಣ್ಣಾ, ಗಾಡಿ ಹೂವಿನ ಹಾಗೆ ಓಡ್ತಿದೆ ಕಣೋ" ಎನ್ನುತ್ತಿದ್ದಳು. ಮಟ್ಟ ನೋಡುವ ಕಡ್ಡಿಯಲ್ಲಿ ಆಯಿಲ್ ಯಾಕಿಷ್ಟು ಕಪ್ಪು ಎಂದು ಒಮ್ಮೆ ಕೇಳಿದ್ದಕ್ಕೆ, "ಡೀಸೆಲ್ ಗಾಡಿ ಪುಟ್ಟಿ, ಹೊಸ ಆಯಿಲೂ ಒಂದೇ ದಿನಕ್ಕೆ ಕಪ್ಪಾಗುತ್ತೆ" ಎಂದಿದ್ದ. ಆ ಮಾತು ಸುಳ್ಳೇನೂ ಅಲ್ಲ, ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹಾಗೇ ಹೇಳುತ್ತಾನೆ.

ಈ ಸಲ ಸರ್ವಿಸಿನ ಹೊತ್ತಿಗೆ ಅಣ್ಣನ ಸೊಂಟ ಹಿಡಿದುಕೊಂಡಿತ್ತು. ವರ್ಷಗಟ್ಟಲೆ ಗಾಡಿಗಳಡಿ ತೆವಳಿದ ಸೊಂಟ, ಎಷ್ಟು ದಿನ ತಡೆದೀತು? ಬಿಸಿನೀರಿನ ಚೀಲ ಒತ್ತಿಕೊಂಡು ಮಲಗಿದವನನ್ನು ನೋಡಿ ಬಂದಾಗಿನಿಂದ ವ್ಯಾನಕ್ಕನಿಗೆ ಸಂಕಟ. ತನ್ನದೊಂದು ಗಾಡಿಯನ್ನಾದರೂ ತಾನೇ ಮಾಡಿಕೊಂಡರೆ ಅವನಿಗೆ ಅಷ್ಟು ಭಾರ ಕಡಿಮೆಯಾಗುತ್ತದೆ ಅಂದುಕೊಂಡಳು. ಹೇಳಿದರೆ ಖುಷಿಪಡುತ್ತಾನೆ ಎಂದು ಶನಿವಾರ ಫೋನ್ ಮಾಡಿದಳು.

"ಬೇಡ ಬೇಡ, ನೀನು ಅದನ್ನ ಮುಟ್ಟಬೇಡ" ಎಂದ ಅಣ್ಣ. "ಇನ್ನೊಂದು ವಾರ ತಡಿ, ನಾನೇ ಮಾಡ್ತೀನಿ."

"ನಿನ್ನ ಸೊಂಟ ನೋಡ್ಕೋ ಮೊದಲು. ನಾನೇನು ಚಿಕ್ಕ ಮಗೂನಾ?"

"ಬಿಸಿ ಆಯಿಲ್ ಕೈ ಮೇಲೆ ಬೀಳುತ್ತೆ ಪುಟ್ಟಿ. ನನ್ನ ಮಾತು ಕೇಳು, ಮುಟ್ಟಬೇಡ."

ಎಷ್ಟು ಕಾಳಜಿ ನೋಡಿ! ವ್ಯಾನಕ್ಕನ ಕಣ್ಣು ಒದ್ದೆಯಾಯಿತು. ಮಾಡಿ ಮುಗಿಸಿಯೇ ಹೇಳೋಣ ಎಂದು ಫೋನಿಟ್ಟಳು.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಟೀಚರಮ್ಮ ಕುರ್ಚಿ ತಂದು ವ್ಯಾನಿನ ಪಕ್ಕ ಹಾಕಿಕೊಂಡರು. ನಿವೃತ್ತಿಯಾಗಿ ಆರು ವರ್ಷವಾದರೂ ಅವರ ಕೈ ಪಾಠ ಮಾಡಲು ತುರಿಸುತ್ತಿತ್ತು. ಗಾಡಿಯ ಜೊತೆ ಬಂದ ಪುಸ್ತಕವನ್ನು ಮೂಗಿಗೆ ಹಿಡಿದು, ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದರು.

"ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನಿಲ್ಲಿಸಿದ್ಯಾ?"

"ನಿಲ್ಸಿದೀನಿ ಟೀಚರಮ್ಮ, ಚಕ್ರಕ್ಕೆ ಕಲ್ಲೂ ಕೊಟ್ಟಿದೀನಿ."

"ಇಂಜಿನ್ ಐದು ನಿಮಿಷ ಓಡಿಸಿ, ಆರಿಸಿ, ಸ್ವಲ್ಪ ತಣಿಯಲು ಬಿಡಿ. ಆಯ್ತಾ? ಡ್ರೈನ್ ಬೋಲ್ಟನ್ನು ಎಡಕ್ಕೆ ತಿರುಗಿಸಿ. ನಿನ್ನ ಎಡ ಅಲ್ಲ ಕಣಮ್ಮ, ಬೋಲ್ಟಿನ ಎಡ."

"ಬೋಲ್ಟಿಗೂ ನನಗೂ ಒಂದೇ ಎಡ" ಎಂದು ಕೆಳಗಿನಿಂದ ವ್ಯಾನಕ್ಕ ಗೊಣಗಿದಳು.

ಬೋಲ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿನ ತುದಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಎಳೆದಾಗ ಕೀರ್ ಎಂದು ಬಿಟ್ಟುಕೊಟ್ಟಿತು. ಆರು ತಿಂಗಳಿಗೊಮ್ಮೆ ಬಿಚ್ಚುವ ಬೋಲ್ಟು ಇಷ್ಟು ಬಿಗಿಯೇಕೆ ಎಂದು ಆಗಲೇ ಅನ್ನಿಸಬೇಕಿತ್ತು. ಅಣ್ಣನ ಕೈಬಿಗಿ ಅಂದರೆ ಹೀಗಿರಬೇಕು ಎಂದು ಅವಳು ಹೆಮ್ಮೆಪಟ್ಟಳು. ನಂಬಿಕೆ ಒಮ್ಮೆ ಕೂತರೆ ಎಂಥದಕ್ಕೂ ತಾನೇ ಕಾರಣ ಹುಡುಕಿ ಕೊಡುತ್ತದೆ.

ಅಡಿಯಲ್ಲಿಟ್ಟಿದ್ದ ಪ್ಲಾಸ್ಟಿಕ್ ತೊಟ್ಟಿಗೆ ಆಯಿಲ್ ಬಿತ್ತು. ಸುರಿಯಿತು ಎನ್ನುವಂತಿರಲಿಲ್ಲ. ಮೊದಲು ಒಂದಿಷ್ಟು ಇಳಿಯಿತು, ಆಮೇಲೆ ಕೀಲೆಣ್ಣೆಯ ಹಾಗೆ ಗಟ್ಟಿ ಗಟ್ಟಿಯಾಗಿ, ನಿಂತು ನಿಂತು ಬಿತ್ತು. ನಡುವೆ ಉಂಡೆ ಉಂಡೆ ಗಸಿ. ಕಪ್ಪಾಗುವುದನ್ನು ಅಣ್ಣ ಹೇಳಿದ್ದ, ಉಂಡೆಗಟ್ಟುವುದನ್ನು ಹೇಳಿರಲಿಲ್ಲ.

"ಮುಂದೇನು?" ಎಂದಳು.

"ಹಳೆಯ ಫಿಲ್ಟರ್ ತೆಗೆಯಿರಿ."

ಫಿಲ್ಟರಿಗೆ ಒರಟು ಬಟ್ಟೆ ಸುತ್ತಿ, ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದಳು. ಬಿಚ್ಚಿ ಬಂದದ್ದನ್ನು ಹಿಡಿದು ತೆವಳುತ್ತಾ ಹೊರಬಂದು, ಮಣ್ಣು ಮೆತ್ತಿದ ಮೈಯನ್ನು ಬಟ್ಟೆಯಿಂದ ಒರೆಸಿದಳು. ತುಕ್ಕಿನ ನಡುವೆ ಹಳದಿ ಬಣ್ಣ ಕಾಣಿಸಿತು. ಅಂಕಿಗಳು ಮಾಸಿದ್ದವು, ಆದರೆ ಅಣ್ಣನ ಬರಹ ಅವಳಿಗೆ ಗೊತ್ತಿಲ್ಲವೇ? ಒಂದನೇ ತರಗತಿಯಲ್ಲಿ ಅವಳ ಸ್ಲೇಟಿನ ಮೇಲೆ ಅಂಕಿ ತಿದ್ದಿಸಿದ ಕೈ ಅದು.

"ಕನ್ನಡಕ ಹಾಕ್ಕೊಂಡು ನೀವೇ ಸ್ವಲ್ಪ ಓದಿ ಟೀಚರಮ್ಮ."

ಟೀಚರಮ್ಮ ಓದಿದರು. ಅದು ಅವಳು ವ್ಯಾನು ಕೊಂಡ ವಾರದ ತಾರೀಕು. ಮೂರೂವರೆ ವರ್ಷದ ಹಿಂದಿನದು.

"ಬರೆಯೋದು ಮರೆತಿರಬಹುದು ನಿಮ್ಮಣ್ಣ" ಎಂದರು ಟೀಚರಮ್ಮ ಮೆಲ್ಲಗೆ.

"ಹೊಸ ಫಿಲ್ಟರಿಗೆ ಬರೆಯೋದು ಮರೆತರೆ ಏನೂ ಇರಬಾರದು ಅಲ್ವಾ? ಇದರ ಮೇಲೆ ತಾರೀಕು ಇದೆ. ಇದು ಅದೇ ಫಿಲ್ಟರು." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ಅವಳಿಗೆ ಮೊದಲು ನೆನಪಾದದ್ದು ಇಂಜಿನ್ ಅಲ್ಲ, ಮರುದಿನ ಮಾಡುತ್ತಿದ್ದ ಆ ಫೋನು. ಹೂವಿನ ಹಾಗೆ ಓಡ್ತಿದೆ ಕಣೋ. ಆರು ಸಲ ಹಾಗೆ ಹೇಳಿದ್ದಳು, ಆರು ಸಲವೂ ಅವನು ಆ ಕಡೆ ಕೇಳಿಸಿಕೊಂಡು ನಕ್ಕಿದ್ದ. ಅಳು ಬರಲಿಲ್ಲ, ನಾಚಿಕೆಯಾಯಿತು. ಮೋಸ ಮಾಡಿದವನಿಗಿಂತ ಮೋಸ ಹೋದವರಿಗೇ ಮೊದಲು ನಾಚಿಕೆಯಾಗುತ್ತದೆ, ಇದೆಂಥ ನ್ಯಾಯವೋ!

ಹಿಡಿದ ಕೆಲಸ ನಡುವೆ ಬಿಡುವವಳಲ್ಲ ಅವಳು. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಿನಿಂದ ಆಯಿಲ್ ಸವರಿ ಕೈಬಿಗಿಯಷ್ಟೇ ತಿರುಗಿಸಿದಳು, ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದಳು, ಮೇಲಿನಿಂದ ಆಯಿಲ್ ಹೊಯ್ದು ಕಡ್ಡಿ ಅದ್ದಿ ಮಟ್ಟ ನೋಡಿದಳು. ಹೊಸ ಆಯಿಲ್ ಜೇನಿನ ಬಣ್ಣದ್ದು. ಅಂಥ ಬಣ್ಣ ಅದಕ್ಕಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಇಂಜಿನ್ ಶುರು ಮಾಡಿದಾಗ ಆಯಿಲಿನ ಕೆಂಪು ದೀಪ ಆರಲು ತುಂಬಾ ಹೊತ್ತು ತೆಗೆದುಕೊಂಡಿತು. ಒಳಗಿನಿಂದ ಟಕಟಕ ಸದ್ದು ಬರುತ್ತಿತ್ತು. ಅದು ಹಿಂದೆಯೂ ಇದ್ದು ಮಕ್ಕಳ ಗಲಾಟೆಯಲ್ಲಿ ಕೇಳಿಸಿರಲಿಲ್ಲವೋ ಏನೋ. ಅವಳು ಆರಿಸಿ ಕೀ ತೆಗೆದಳು. ಹಳೆಯ ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ನಡೆದೇ ಹೋದಳು.

ಅಣ್ಣ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅತ್ತಿಗೆ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ವ್ಯಾನಕ್ಕ ಫಿಲ್ಟರನ್ನು ಚಾಪೆಯ ಮೇಲಿಟ್ಟಳು. ಹಳದಿ ಬರಹ ಅವನ ಕಡೆಗಿತ್ತು.

"ಮುಟ್ಟಬೇಡ ಅಂದಿದ್ನಲ್ಲ" ಎಂದ.

"ಯಾಕಣ್ಣ?"

ಅವನು ಬಿಸಿನೀರಿನ ಚೀಲವನ್ನು ಸರಿಮಾಡಿಕೊಂಡ. "ಮೊದಲನೇ ಸಲ ಕೆಲಸ ಜಾಸ್ತಿ ಇತ್ತು ಕಣೆ. ಗಿರಾಕಿಗಳು ತಲೆ ಮೇಲೆ ಕೂತಿದ್ರು. ನಿಂದು ಮನೆ ಗಾಡಿ, ನಾಳೆ ನಾಡಿದ್ದು ಮಾಡಿದ್ರಾಯ್ತು ಅಂತ ತೊಳೆದು ಕಳಿಸ್ದೆ. ಮಾರನೇ ದಿನ ನೀನು ಫೋನ್ ಮಾಡಿ ಹೂವಿನ ಹಾಗೆ ಓಡ್ತಿದೆ ಅಂದೆ. ಆಮೇಲೆ ಹೆಂಗೆ ಹೇಳ್ಲಿ?"

"ಆಮೇಲಿನ ಐದು ಸಲ?"

"ಹಾಗೇ ಅಭ್ಯಾಸ ಆಗೋಯ್ತು. ಮಟ್ಟ ಇಳಿದಿದ್ರೆ ಮೇಲೆ ಒಂದಿಷ್ಟು ಹೊಯ್ತಿದ್ದೆ. ಬರೀ ಕೈಯಲ್ಲಿ ಕಳಿಸಿಲ್ಲ."

"ನಾನು ತಂದುಕೊಟ್ಟ ಆಯಿಲ್, ಫಿಲ್ಟರು ಎಲ್ಲಿ ಹೋಯ್ತು?"

"ಎಲ್ಲಿ ಹೋಗುತ್ತೆ? ಬೇರೆಯವರ ಗಾಡಿಗೆ ಹಾಕ್ದೆ. ನಾನೇನು ಬಿಸಾಕ್ಲಿಲ್ಲವಲ್ಲ" ಎಂದ, ಅದೂ ಒಂದು ಒಳ್ಳೆಯ ಕೆಲಸವೇ ಎನ್ನುವ ಹಾಗೆ.

ಅತ್ತಿಗೆಯ ಕೈ ಬಟ್ಟೆಯ ಮೇಲೆ ನಿಂತಿತು. ಅವಳಿಗೆ ಇದು ಗೊತ್ತಿರಲಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ವ್ಯಾನಕ್ಕನಿಗೆ ಒಂದೇ ಒಂದು ಆಸೆ ಉಳಿದಿತ್ತು. ಈ ಮನುಷ್ಯ ಸೋಮಾರಿಯಾಗಿದ್ದರೂ ಪರವಾಗಿಲ್ಲ, ಊರಿಗೆಲ್ಲ ಮೋಸ ಮಾಡಿದ್ದರೂ ಪರವಾಗಿಲ್ಲ, ಆ ಮೋಸದಲ್ಲಿ ತನ್ನದೂ ಒಂದು ಪಾಲು ಎಂದು ಸಮಾಧಾನ ಮಾಡಿಕೊಂಡೇನು ಎನ್ನಿಸಿತು.

"ಎಲ್ಲರ ಗಾಡಿಗೂ ಹೀಗೇ ಮಾಡ್ತೀಯಾ?" ಎಂದಳು.

ಅಣ್ಣನಿಗೆ ನಿಜವಾಗಿಯೂ ಸಿಟ್ಟು ಬಂತು. ಸೊಂಟದ ನೋವು ಮರೆತು ನೆಟ್ಟಗೆ ಕೂತ. "ಏನಂದೆ? ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸ್ತಿದೀನಿ. ಒಬ್ಬನೇ ಒಬ್ಬ ಗಿರಾಕಿಗೆ ಮೋಸ ಮಾಡಿದ್ರೆ ಈ ಕೈಗೆ ಹುಳ ಬೀಳ್ಲಿ. ಯಾರ ಗಾಡಿ ಬೇಕಾದ್ರೂ ಬಿಚ್ಚಿ ನೋಡು ಹೋಗು, ತಾರೀಕು ಸರಿಯಾಗಿರುತ್ತೆ."

ಅವನು ಹೇಳಿದ್ದು ನಿಜ, ಅವಳಿಗೂ ಗೊತ್ತಿತ್ತು. ಹಾದಿಯಲ್ಲಿ ಹೋಗುವವನ ಗಾಡಿಗೆ ಬಣ್ಣ ಒಣಗುವ ತನಕ ಕಾಯುವವನು, ಬೆನ್ನ ಹಿಂದೆ ಹುಟ್ಟಿದವಳ ಗಾಡಿಯನ್ನು ನೀರಿನಲ್ಲಿ ತೊಳೆದು ಕಳಿಸಿದ್ದ. ಅವಳು ಬೈಯುವುದಿಲ್ಲ, ಬಗ್ಗಿ ನೋಡುವುದಿಲ್ಲ, ಬಿಟ್ಟು ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೇ. ಅವಳ ಪ್ರೀತಿಯನ್ನೇ ಅವನು ಮೆತ್ತೆ ಮಾಡಿಕೊಂಡು ಕೂತಿದ್ದ.

"ಹದಿನಾಲ್ಕು ಮಕ್ಕಳು ಕೂರ್ತಾರೆ ಅದರಲ್ಲಿ" ಎಂದಳು.

"ಏನೂ ಆಗಿಲ್ಲವಲ್ಲ? ಈಗ ಕೇಳಿಲ್ಲಿ. ನಾಳೆ ಎಂದಿನ ಹಾಗೆ ಮಕ್ಕಳನ್ನ ಬಿಟ್ಟು, ಗಾಡಿ ತಂದು ಇಲ್ಲಿ ನಿಲ್ಸು. ಹುಡುಗ್ರ ಕೈಲಿ ಇಂಜಿನ್ ಬಿಚ್ಚಿಸಿ, ನಾನೇ ಎದುರು ಕೂತು ಎಲ್ಲಾ ಸರಿ ಮಾಡಿಸ್ತೀನಿ. ಒಂದು ದಿನಕ್ಕೆ ಏನೂ ಆಗಲ್ಲ. ಯಾರಿಗೂ ಹೇಳೋದೇನೂ ಬೇಡ, ಗ್ಯಾರೇಜಿನ ಹೆಸರಿನ ಪ್ರಶ್ನೆ."

"ನಾಳೆ ಗಾಡಿ ತೆಗೆಯಲ್ಲ. ಹದಿನಾಲ್ಕು ಮನೆಗೂ ಇವತ್ತೇ ಹೇಳ್ತೀನಿ."

"ನನ್ನ ಹೆಸರು ಹೇಳ್ತೀಯಾ?"

"ಕೇಳ್ತಾರೆ. ಕೇಳಿದ್ರೆ ಹೇಳ್ತೀನಿ."

"ಮನೆ ಮಾತನ್ನ ಬೀದಿಗೆ ಹಾಕೋದು ನಿನಗೆ ಚೆಂದವಾ ಪುಟ್ಟಿ?"

ವ್ಯಾನಕ್ಕ ಎದ್ದು ನಿಂತಳು. ಸೀರೆಯ ಸೆರಗಿಗೆ, ಮೊಣಕೈಗೆ ಇನ್ನೂ ಕರಿ ಮೆತ್ತಿತ್ತು.

"ನನ್ನ ಗಾಡಿಯ ಇನ್ನೊಂದು ಕೀ ನಿಮ್ಮ ಹತ್ರ ಇದೆ. ಕೊಡಿ ಮೇಸ್ತ್ರಿ" ಎಂದಳು.

ಹುಟ್ಟಿದಾಗಿನಿಂದ ಅವನನ್ನು ನೀನು ಎಂದವಳು. ಅಣ್ಣ ನಗಲು ನೋಡಿದ, ಆಗಲಿಲ್ಲ. "ಇದೇನೇ ಹೊಸದು? ನೀವು, ಕೊಡಿ, ಮೇಸ್ತ್ರಿ ಅಂತ?"

"ಗಿರಾಕಿಗಳಿಗೆ ನೀವು ಮೋಸ ಮಾಡಲ್ವಂತೆ."

ಅವನು ಹೆಂಡತಿಯ ಮುಖ ನೋಡಿದ. ಅತ್ತಿಗೆ ಅವನ ಕಡೆ ನೋಡಲಿಲ್ಲ. ಎದ್ದು ಹೋಗಿ, ಬಾಗಿಲ ಹಿಂದಿನ ಮೊಳೆಯಿಂದ ಕೀ ತೆಗೆದು ನಾದಿನಿಯ ಅಂಗೈಗೆ ಇಟ್ಟು, ಆ ಬೆರಳುಗಳನ್ನು ತಾನೇ ಮಡಚಿದಳು. ವ್ಯಾನಕ್ಕ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದಳು.

"ಪುಟ್ಟೀ" ಎಂದು ಒಳಗಿನಿಂದ ಕೂಗಿದ. ಏಳಲು ಹೋಗಿ ಸೊಂಟ ಹಿಡಿದು ಅವನು ನರಳಿದ್ದೂ ಕೇಳಿಸಿತು. ಕಾಲು ತಾನಾಗಿಯೇ ನಿಂತಿತು. ತಿರುಗಿದರೆ ಬಾಯಿಗೆ ಅಣ್ಣಾ ಎಂದೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ತಿರುಗದೆ ನಡೆದಳು.